ಕಸಿನ್ಸ್ ಹುಟ್ಟಿದ ಊರು ಮತ್ತು ನಮ್ಮ 'ಏಕೀಕರಣ'

ಕುವೆಂಪು ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಬಂದ ಕತೆ ನಮಗೆಲ್ಲ ಬಾಯಿಪಾಠ. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ತರುಣನ ಇಂಗ್ಲಿಷ್ ಪದ್ಯಗಳನ್ನು ನೋಡಿ, ನಿಮ್ಮ ಭಾಷೆಯಲ್ಲೇ ಬರೆಯಿರಿ ಎಂದರು. ಅಷ್ಟು ಹೇಳಿ ಕಸಿನ್ಸ್ ನಮ್ಮ ಸಾಹಿತ್ಯ ಚರಿತ್ರೆಯಿಂದ ಹೊರಟುಬಿಡುತ್ತಾರೆ. 'ಐರಿಷ್' ಎಂಬ ವಿಶೇಷಣದೊಳಗೆ ಏನಿದೆ ಎಂದು ನಾವು ಕೇಳುವುದಿಲ್ಲ. ಅವರು ಹುಟ್ಟಿದ್ದು 1873ರಲ್ಲಿ, ಬೆಲ್‌ಫಾಸ್ಟಿನ ಒಂದು ಪ್ರಾಟೆಸ್ಟೆಂಟ್ ಮನೆಯಲ್ಲಿ. ಡಬ್ಲಿನ್ನಿಗೆ ಹೋಗಿ ಐರಿಷ್ ಸಾಹಿತ್ಯದ ಪುನರುಜ್ಜೀವನಕ್ಕೆ ಸೇರಿಕೊಂಡರು; ಬರೆದದ್ದು ಮಾತ್ರ ಇಂಗ್ಲಿಷಿನಲ್ಲಿ. 1915ರಲ್ಲಿ ಭಾರತಕ್ಕೆ ಬಂದರು. ಅವರು ಇಲ್ಲಿದ್ದಾಗಲೇ, 1921ರಲ್ಲಿ, ಅವರ ದ್ವೀಪ ಎರಡು ಭಾಗವಾಯಿತು. ಉತ್ತರದ ಆರು ಕೌಂಟಿಗಳ ಜೊತೆ ಹುಟ್ಟಿದೂರು ಬ್ರಿಟನ್ನಿನ ಕಡೆ ಉಳಿಯಿತು. ಕುವೆಂಪು ಅವರಿಗೆ ತಾಯ್ನುಡಿಯ ಮಾತು ಹೇಳುವ ಹೊತ್ತಿಗೆ ಕಸಿನ್ಸ್ ಅವರ ತಾಯ್ನೆಲಕ್ಕೆ ಎರಡು ಹೆಸರಿತ್ತು.

ಆ ದ್ವೀಪ ಮತ್ತೆ ಒಂದಾಗುತ್ತದೆಯೇ ಎಂಬ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದಾಗಲೆಲ್ಲ ನಾವು 'ಏಕೀಕರಣ' ಎನ್ನುತ್ತೇವೆ. ಈ ಪದ ನಮ್ಮ ಬಾಯಲ್ಲಿ ತಟಸ್ಥವಲ್ಲ. ಅದರೊಳಗೆ ಆಲೂರು ವೆಂಕಟರಾಯರಿದ್ದಾರೆ, 1956ರ ನವೆಂಬರ್ ಒಂದಿದೆ, ಒಂದೇ ನುಡಿಯವರು ಒಂದೆಡೆ ಸೇರಿದ ಸಂತೋಷವಿದೆ. ಐರ್ಲೆಂಡಿನಲ್ಲಿ ಗೆರೆ ಎಳೆದದ್ದು ಭಾಷೆಯಲ್ಲ. ಎರಡೂ ಕಡೆ ಮನೆಮಾತು ಬಹುಪಾಲು ಇಂಗ್ಲಿಷೇ. ಧರ್ಮ, ರಾಜನಿಷ್ಠೆ, ವಲಸೆಯ ನೆನಪು ಇವೆಲ್ಲ ಸೇರಿ ಆದ ಗೆರೆ ಅದು. ಹಾಗಾಗಿ ನಮ್ಮ ಪದ ಆ ದ್ವೀಪದ ಮೇಲೆ ಬಿದ್ದರೆ ಸಮಸ್ಯೆ ಇರುವುದಕ್ಕಿಂತ ಸರಳವಾಗಿ ಕಾಣುತ್ತದೆ.

ಎಷ್ಟು ಸರಳವಲ್ಲ ಎಂಬುದಕ್ಕೆ ಅನಾ ಬರ್ನ್ಸ್ ಅವರ 'ಮಿಲ್ಕ್‌ಮನ್' ಓದಬೇಕು. 2018ರ ಬೂಕರ್ ಪಡೆದ ಈ ಕಾದಂಬರಿಯಲ್ಲಿ ಬೆಲ್‌ಫಾಸ್ಟ್ ಎಂಬ ಹೆಸರೇ ಇಲ್ಲ. ಹದಿನೆಂಟರ ನಿರೂಪಕಿಗೂ ಹೆಸರಿಲ್ಲ. ಬ್ರಿಟನ್ ಎಂದರೆ 'ನೀರಿನಾಚೆಯ ದೇಶ'. ಗಂಡುಮಕ್ಕಳಿಗೆ ಇಡಬಾರದ ಹೆಸರುಗಳ ಒಂದು ಪಟ್ಟಿಯೇ ಇದೆ. ಬೆಣ್ಣೆಗೂ ಚಹಾಕ್ಕೂ ಪಕ್ಷವಿದೆ. ನಾಯಕಿಯ ಗೆಳೆಯನ (ಗೆಳೆಯ ಹೌದೋ ಅಲ್ಲವೋ ಅವಳಿಗೇ ಗೊತ್ತಿಲ್ಲ) ಪಾಲಿಗೆ ಬೆಂಟ್ಲಿ ಕಾರಿನ ಒಂದು ಬಿಡಿಭಾಗ ಬರುತ್ತದೆ. ನೋಡಲು ಬಂದ ನೆರೆಯವನೊಬ್ಬ ಸುಮ್ಮನೆ ಕೇಳುತ್ತಾನೆ: ಅದರ ಮೇಲೆ ಆ ದೇಶದ ಧ್ವಜವೂ ಇರಬೇಕಲ್ಲವೇ? ಅಲ್ಲಿಂದ ಗಾಳಿಸುದ್ದಿ, ಅಲ್ಲಿಂದ ಭಯ. ಕೆಲವು ವಿಮರ್ಶಕರು ಇದನ್ನು ಓದಲು ಕಷ್ಟದ ಕಾದಂಬರಿ ಎಂದರು. ನನಗೆ ಅದು ಕಷ್ಟವೆನಿಸಲಿಲ್ಲ. ಇದೊಂದು ಚಾಡಿಮಾತಿನ ಕಾದಂಬರಿ, ಚಾಡಿ ನಮಗೆ ಚೆನ್ನಾಗಿ ಬರುತ್ತದೆ.

ನಾನಿರುವ ಲಿಂಗರಾಜಪುರದಲ್ಲಿ 'ಪುರ' ಎನ್ನುತ್ತಾರೋ 'ಪುರಂ' ಎನ್ನುತ್ತಾರೋ ಎಂಬುದರ ಮೇಲೆ ಮಾತಾಡುವವರ ಮನೆಮಾತನ್ನು ಊಹಿಸುತ್ತೇವೆ. ಪಕ್ಕದಲ್ಲೇ ಫ್ರೇಜರ್ ಟೌನ್ ಪುಲಿಕೇಶಿನಗರವಾಗಿದೆ, ಹಾಗೆ ಕರೆಯುವವರು ಕಡಿಮೆ. ದಂಡು 1947ರವರೆಗೆ ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿತ್ತು, ಪೇಟೆ ಮೈಸೂರು ಸಂಸ್ಥಾನದ್ದು. 1949ರಲ್ಲಿ ಎರಡೂ ಪುರಸಭೆ ಒಂದಾದವು. ಆಡಳಿತ ಒಂದಾದದ್ದಕ್ಕೆ ಕಾಗದಪತ್ರ ಸಾಕಾಯಿತು. ನಾಲಗೆ ಇನ್ನೂ ಒಂದಾಗಿಲ್ಲ, ಆದರೂ ಬದುಕು ನಡೆದಿದೆ. ಉತ್ತರ ಐರ್ಲೆಂಡಿನಲ್ಲಿ ಒಂದೇ ನಗರವನ್ನು ಡೆರ್ರಿ ಎಂದರೆ ಒಂದು ಕಡೆ, ಲಂಡನ್‌ಡೆರ್ರಿ ಎಂದರೆ ಇನ್ನೊಂದು ಕಡೆ. ಇಲ್ಲಿ ಊಹೆಯಲ್ಲಿ ಮುಗಿಯುವುದು ಅಲ್ಲಿ ಮೂವತ್ತು ವರ್ಷದಲ್ಲಿ 3,500ಕ್ಕೂ ಹೆಚ್ಚು ಜೀವ ತೆಗೆಯಿತು. ಈ ವ್ಯತ್ಯಾಸವನ್ನು ಮರೆತು ಹೋಲಿಕೆ ಮಾಡಬಾರದು.

ಈಗಿನ ಚರ್ಚೆಯೆಲ್ಲ ತಲೆ ಎಣಿಸುವುದರಲ್ಲಿದೆ. 2021ರ ಜನಗಣತಿಯಲ್ಲಿ ಉತ್ತರದ ಕ್ಯಾಥೊಲಿಕ್ ಹಿನ್ನೆಲೆಯವರು ಶೇ. 45.7, ಪ್ರಾಟೆಸ್ಟೆಂಟ್ ಮತ್ತಿತರ ಕ್ರೈಸ್ತ ಹಿನ್ನೆಲೆಯವರು ಶೇ. 43.5. ಇನ್ನೇನು, ಆಗಿಯೇ ಹೋಯಿತು ಎನ್ನುವವರಿದ್ದಾರೆ. ಧರ್ಮ ನೋಡಿ ಮತ ಹೇಳಬಹುದಾಗಿದ್ದರೆ ಬೆಲ್‌ಫಾಸ್ಟಿನ ಪ್ರಾಟೆಸ್ಟೆಂಟ್ ಹುಡುಗ ಕಸಿನ್ಸ್ ಡಬ್ಲಿನ್ನಿನ ಕವಿಗಳ ಜೊತೆ ಸೇರುತ್ತಿರಲಿಲ್ಲ. ಆ ಲೆಕ್ಕ ಇನ್ನೊಂದು ದಿಕ್ಕಿನಲ್ಲೂ ತಪ್ಪಬಹುದು: ಬ್ರಿಟನ್ನಿನ ಆರೋಗ್ಯ ಸೇವೆ ಬಿಡಲು ಮನಸ್ಸಿಲ್ಲದ ಕ್ಯಾಥೊಲಿಕ್ ಮತದಾರ ಏನು ಮಾಡುತ್ತಾನೆ?

ನಮ್ಮ ಚರಿತ್ರೆ ಇಲ್ಲಿ ಉಪಯೋಗಕ್ಕೆ ಬರುವುದಾದರೆ ಅದರ ಸಂತೋಷದ ಪುಟದಿಂದಲ್ಲ, ಮುನಿಸಿನ ಪುಟದಿಂದ. ಹಳೇ ಮೈಸೂರಿನ ಹಲವು ನಾಯಕರಿಗೆ ಏಕೀಕರಣ ಬೇಡವಾಗಿತ್ತು. ತಾವು ಕಟ್ಟಿದ್ದು ಹಂಚಿಹೋಗುತ್ತದೆ, ಹೊಸ ರಾಜ್ಯದಲ್ಲಿ ತಾವು ಚಿಕ್ಕವರಾಗುತ್ತೇವೆ ಎಂಬ ಅಂಜಿಕೆ. ಕುವೆಂಪು ಏಕೀಕರಣದ ಪರ ನಿಂತರು, ವಿರೋಧಿಸಿದವರನ್ನು ಬಿಡಲಿಲ್ಲ. ಕೊನೆಗೆ ರಾಜ್ಯ ಒಂದಾಯಿತು, ಹೆಸರು ಮಾತ್ರ 'ಮೈಸೂರು' ಎಂದೇ ಉಳಿಯಿತು, ಹದಿನೇಳು ವರ್ಷ. ಉತ್ತರ ಕರ್ನಾಟಕದವರಿಗೆ ಇದು ಅವಮಾನವಾಗಿತ್ತು, ಆ ಸಿಟ್ಟು ನ್ಯಾಯವಾದದ್ದೇ. ಆದರೂ ಆ ಹದಿನೇಳು ವರ್ಷ ವ್ಯರ್ಥವಾಗಲಿಲ್ಲ ಎಂದೇ ನನ್ನ ವಾದ. ಅಂಜಿದವರಿಗೆ ತಮ್ಮದೇನೂ ಹೋಗಿಲ್ಲವೆಂದು ತಿಳಿಯಲು ಸಮಯ ಸಿಕ್ಕಿತು. 1973ರಲ್ಲಿ 'ಕರ್ನಾಟಕ' ಎಂದು ಹೆಸರು ಬದಲಾದಾಗ ಮುಖ್ಯಮಂತ್ರಿಯಾಗಿದ್ದವರು ಹುಣಸೂರಿನ ದೇವರಾಜ ಅರಸು.

ಅಲ್ಲಿಯ 1998ರ ಶುಭ ಶುಕ್ರವಾರದ ಒಪ್ಪಂದದಲ್ಲಿ ಎಲ್ಲರೂ ಜನಮತಗಣನೆಯ ಷರತ್ತನ್ನು ಓದುತ್ತಾರೆ: ಬಹುಮತ ಸಾಧ್ಯವೆಂದು ಕಂಡಾಗ ಬ್ರಿಟಿಷ್ ಸಚಿವರು ಕರೆಯಬೇಕು, ಸೋತರೆ ಇನ್ನೊಂದಕ್ಕೆ ಏಳು ವರ್ಷವಾದರೂ ಕಾಯಬೇಕು, ದಕ್ಷಿಣವೂ ಒಪ್ಪಬೇಕು. ನನಗೆ ಮುಖ್ಯವೆನಿಸುವುದು ಇನ್ನೊಂದು ಸಾಲು. ಉತ್ತರದಲ್ಲಿ ಹುಟ್ಟಿದವರು ತಮ್ಮನ್ನು ಐರಿಷ್ ಎಂದೋ ಬ್ರಿಟಿಷ್ ಎಂದೋ ಎರಡೂ ಎಂದೋ ಕರೆದುಕೊಳ್ಳಬಹುದು. ನೆಲ ಯಾರ ಪಾಲಾದರೂ ಆ ಹಕ್ಕು ಬದಲಾಗುವುದಿಲ್ಲ. ಅಂದರೆ ಗೆಲ್ಲುವವರು ಗೆಲ್ಲುವ ಮುಂಚೆಯೇ ಸೋಲುವವರ ಹೆಸರನ್ನು ಉಳಿಸಿಕೊಡಲು ಒಪ್ಪಿದ್ದಾರೆ. 2001ರಲ್ಲಿ ಪೊಲೀಸ್ ಪಡೆಯ ಹೆಸರಿನಿಂದ 'ರಾಯಲ್' ಹೋಯಿತು. ಹೊಸ ಲಾಂಛನದಲ್ಲಿ ಕಿರೀಟವೂ ಇದೆ, ಹಾರ್ಪ್ ವಾದ್ಯವೂ ಇದೆ, ಶ್ಯಾಮ್‌ರಾಕ್ ಎಲೆಯೂ ಇದೆ. ಕಲಾಕೃತಿಯಾಗಿ ನೋಡಿದರೆ ಗಿಜಿಗಿಜಿ. ಒಂದಾದ ಐರ್ಲೆಂಡಿಗೆ ಧ್ವಜ ಯಾವುದು, ಗೀತೆ ಯಾವುದು ಎಂಬ ಪ್ರಶ್ನೆಗೂ ಇಂಥ ಗಿಜಿಗಿಜಿ ಉತ್ತರವನ್ನೇ ಡಬ್ಲಿನ್ ಒಪ್ಪೀತೇ? ಒಪ್ಪಿದರೆ ಮತ ಬೀಳಬಹುದು. ಈಗಿನ ತ್ರಿವರ್ಣವನ್ನೇ ಬೆಲ್‌ಫಾಸ್ಟಿನ ಮೇಲೂ ಏರಿಸುತ್ತೇವೆ ಎಂದರೆ, ಬರ್ನ್ಸ್ ಕಾದಂಬರಿಯ ಆ ನೆರೆಯವನು ಮತ್ತೆ ಬಾಗಿಲು ತಟ್ಟುತ್ತಾನೆ, ಈ ಸಲ ಇನ್ನೊಂದು ಬೀದಿಯಲ್ಲಿ.