ನಟ್ ಬಿಗಿಸಿ ಎಂದರೆ ಸಾಲದು

ಲಿಂಗರಾಜಪುರದ ಮರಗೆಲಸದ ಅಂಗಡಿಯೊಂದಕ್ಕೆ ಹೋದಿರೆನ್ನಿ. ಸ್ಪಿಂಡಲ್ ಸ್ಯಾಂಡರ್‌ನಲ್ಲಿ ಸವೆದ ಉಪ್ಪುಕಾಗದದ ಸ್ಲೀವನ್ನು ಹುಡುಗನೊಬ್ಬ ನಟ್ ಪೂರ್ತಿ ಸಡಿಲಿಸದೆ ಸ್ಕ್ರೂಡ್ರೈವರಿನಿಂದ ಮೀಟುತ್ತಿದ್ದಾನೆ. ತಪ್ಪು ಅವನೊಬ್ಬನದೇ ಅಲ್ಲ. ಕೈಪಿಡಿಗಳು ಸಾಮಾನ್ಯವಾಗಿ ‘ನಟ್ ಸಡಿಲಿಸಿ, ಸ್ಲೀವ್ ಬದಲಿಸಿ, ಬಿಗಿಸಿ’ ಎನ್ನುತ್ತವೆ, ಏಕೆಂದು ಹೇಳುವುದಿಲ್ಲ.

ಸ್ಲೀವನ್ನು ಹಿಡಿದಿರುವುದು ಅಂಟಲ್ಲ, ಒಳಗಿನ ರಬ್ಬರ್ ಉರುಳೆ. ನಟ್ ಬಿಗಿಸಿದಾಗ ಉರುಳೆಯ ಉದ್ದ ಕುಗ್ಗಿ, ವ್ಯಾಸ ಹಿಗ್ಗಿ, ಸ್ಲೀವಿನ ಒಳಮೈಯನ್ನು ಒತ್ತುತ್ತದೆ. ಜಾರದಂತೆ ತಡೆಯುವುದು ಘರ್ಷಣೆ. ಇದೇ ಪಾಯ್ಸಾನ್ ಪರಿಣಾಮ. ಉಕ್ಕಿನ ಪಾಯ್ಸಾನ್ ಅನುಪಾತ ಸುಮಾರು 0.3, ರಬ್ಬರಿನದು 0.5ಕ್ಕೆ ತೀರ ಹತ್ತಿರ. ನಟ್ ಸಡಿಲಿಸಿದರೆ ಸ್ಲೀವ್ ಸುಲಭವಾಗಿ ಕಳಚುತ್ತದೆ. ಮೀಟಿದರೆ ರಬ್ಬರ್ ಹರಿದು ಹಿಡಿತ ಕೆಡುತ್ತದೆ. ಕೆಲಸದ ನಡುವೆ ಸ್ಲೀವ್ ಜಾರಿದರೆ ಅಪಾಯ ಕೈಗೆ.

ಶಿಕ್ಷಕರೇ, ಈ ಅನುಪಾತವನ್ನು ತಂತಿಯ ಲೆಕ್ಕದಲ್ಲೇ ಮುಗಿಸಬೇಡಿ. ಪ್ಲಗ್ ತೆಗೆದ ಯಂತ್ರದ ಮುಂದೆ ವಿದ್ಯಾರ್ಥಿಗಳನ್ನು ನಿಲ್ಲಿಸಿ, ನಟ್ ತಿರುಗಿಸಿ ತೋರಿಸಿ.