ನೌಕರಿ, ಮನೆ, ಮನಸ್ಸು: ನಗರಸ್ವಾಸ್ಥ್ಯದ ಒಂದು ಓದು

ನಗರವಾಸಿಯ ಮಾನಸಿಕ ಸ್ವಾಸ್ಥ್ಯವನ್ನು ಕುರಿತ ಕನ್ನಡ ವಿಮರ್ಶೆಯು ಬಹುಮಟ್ಟಿಗೆ ‘ಪರಕೀಯತೆ’, ‘ಅನಾಥಪ್ರಜ್ಞೆ’ ಎಂಬ ನವ್ಯದ ಪರಿಭಾಷೆಯನ್ನೇ ಅವಲಂಬಿಸಿದೆ. ಹಳ್ಳಿಯನ್ನು ತೊರೆದ ಮನಸ್ಸು ನಗರದ ಜನಜಂಗುಳಿಯಲ್ಲಿ ನೆಲೆ ತಪ್ಪುತ್ತದೆ ಎಂಬುದು ಅದರ ಗೃಹೀತ. ಈ ಗೃಹೀತ ಸಾಲದು. ಕಳವಳದ ಮೂಲವನ್ನು ನೌಕರಿ ಮತ್ತು ವಸತಿಯ ವ್ಯವಸ್ಥೆಯಲ್ಲಿಯೂ ಅರಸಬೇಕೆಂಬುದು ನಮ್ಮ ವಾದ.

ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು (1979) ಈ ದೃಷ್ಟಿಯಿಂದ ಮರಳಿ ಓದಬಹುದು. ಮುಂಬಯಿಯ ನಾಗಪ್ಪನ ಭೀತಿಗೆ ಜನಸಂದಣಿ ಕಾರಣವಲ್ಲ. ಕಂಪನಿ ಅವನನ್ನು ಅಮಾನತುಗೊಳಿಸುತ್ತದೆ. ಆಮೇಲೆ ಸುತ್ತಲಿನವರ ಒಂದೊಂದು ಮಾತೂ ಹೊಂಚಿನಂತೆ ತೋರತೊಡಗುತ್ತದೆ. ಬಾಲ್ಯದ ನೋವುಗಳೂ ಮರುಕಳಿಸುತ್ತವೆ. ಬೇಟೆಯ ಪ್ರವೃತ್ತಿ ಮನುಷ್ಯಸಹಜವೆಂಬ ಧ್ವನಿ ಕಾದಂಬರಿಯಲ್ಲಿದೆ, ನಿಜ. ಆದರೆ ಆ ಪ್ರವೃತ್ತಿಗೆ ಹಲ್ಲು ಉಗುರುಗಳನ್ನು ಒದಗಿಸುವುದು ಸಂಸ್ಥೆಯ ಅಧಿಕಾರವೇ.

ದೆಹಲಿಯ ಲೋಧಿ ಕಾಲೋನಿಗೆ ಈ ಓದನ್ನು ಅನ್ವಯಿಸಿದರೆ ಇನ್ನೊಂದು ಮುಖ ಗೋಚರಿಸುತ್ತದೆ. 1940ರ ದಶಕದಲ್ಲಿ ಬ್ರಿಟಿಷ್ ಆಡಳಿತವು ಸರಕಾರಿ ನೌಕರರಿಗಾಗಿ ಕಟ್ಟಿಸಿದ ಬಡಾವಣೆಯಿದು. ಎತ್ತರದ ಕಮಾನುಗಳು, ಒಳ ಅಂಗಳಗಳು, ಮರಗಳ ನೆರಳು ಇಲ್ಲಿವೆ. ನೆರೆಯ ಲೋಧಿ ಎಸ್ಟೇಟಿನಲ್ಲಿ ದೆಹಲಿ ಕನ್ನಡ ಶಾಲೆಯಿದೆ. ಜನಜಂಗುಳಿಯೇ ವ್ಯಾಧಿಯ ಮೂಲವಾಗಿದ್ದರೆ ಇಲ್ಲಿನ ನಿವಾಸಿ ನಿಶ್ಚಿಂತನಾಗಿರಬೇಕಿತ್ತು. ಆದರೆ ಸರಕಾರಿ ವಸತಿ ಸೇರಿದ್ದು ಹುದ್ದೆಗೆ, ಮನುಷ್ಯನಿಗಲ್ಲ. ನಿವೃತ್ತನಾದವನು ಗಡುವಿನೊಳಗೆ ಮನೆ ತೆರವು ಮಾಡಬೇಕು. ದಶಕಗಳ ಕಾಲ ಇಂಥ ವಸತಿಯಲ್ಲಿದ್ದ ಕನ್ನಡ ಕುಟುಂಬವು ಸಂಬಳದೊಂದಿಗೆ ನೆರೆಹೊರೆಯನ್ನೂ ಭಾಷೆ ಬಲ್ಲವರ ಒಡನಾಟವನ್ನೂ ಒಮ್ಮೆಗೇ ಕಳೆದುಕೊಳ್ಳಬಹುದು. ಮರಳಿದ ಊರಿನಲ್ಲಿ ಅದು ಅಪರಿಚಿತವಾಗಿಯೂ ಇರಬಹುದು.

2016ರ ಸುಮಾರಿನಿಂದ ಸ್ಟಾರ್ಟ್ ಇಂಡಿಯಾ ಪ್ರತಿಷ್ಠಾನದ ಪ್ರಯತ್ನದಿಂದ ದೇಶವಿದೇಶಗಳ ಕಲಾವಿದರು ಈ ಮನೆಗಳ ಹೊರಗೋಡೆಗಳ ಮೇಲೆ ಬೃಹತ್ ಚಿತ್ರಗಳನ್ನು ಬರೆದಿದ್ದಾರೆ. ಕಲೆಯು ಚಿತ್ರಶಾಲೆಯಿಂದ ಬೀದಿಗೆ ಬಂದದ್ದು ಸ್ವಾಗತಾರ್ಹ. ದಾರಿಹೋಕನಿಗೆ ಅದು ಮುದ ನೀಡುತ್ತದೆ, ಮಕ್ಕಳಿಗೆ ಬೆರಗು ಹುಟ್ಟಿಸುತ್ತದೆ. ಆದರೆ ಈ ಅಲಂಕರಣವನ್ನೇ ನಿವಾಸಿಗಳ ಸ್ವಾಸ್ಥ್ಯವೆಂದು ಬಗೆಯುವುದು ಅವಸರದ ತೀರ್ಮಾನ. ಗೋಡೆಯ ಚಿತ್ರ ಉಳಿದಿರುವಾಗಲೇ ಅದರ ಹಿಂದಿನ ಕುಟುಂಬ ಬದಲಾಗಿರಬಹುದು.

ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು ವಯಸ್ಕರಲ್ಲಿ ಶೇ. 10.6ರಷ್ಟು ಮಂದಿ ಮಾನಸಿಕ ಅಸ್ವಾಸ್ಥ್ಯವನ್ನು ಅನುಭವಿಸುತ್ತಿದ್ದರೆಂದೂ ಮಹಾನಗರಗಳಲ್ಲಿ ಅದರ ಪ್ರಮಾಣ ಅಧಿಕವೆಂದೂ ತೋರಿಸಿತು. ದೆಹಲಿ ಆ ರಾಜ್ಯಗಳ ಪಟ್ಟಿಯಲ್ಲಿರಲಿಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ಚಿಕಿತ್ಸೆಯನ್ನು ಹಕ್ಕೆಂದು ಮಾನ್ಯ ಮಾಡಿತು. ಚಿಕಿತ್ಸೆ ಅವಶ್ಯವೇ, ಆದರೆ ಮನೆ ತೆರವುಗೊಳಿಸುವ ಕಳವಳಕ್ಕೆ ಅದೊಂದೇ ಉತ್ತರವಾಗಲಾರದು.

ಆದುದರಿಂದ ಹೊರನಾಡ ಕನ್ನಡಿಗರ ಆತ್ಮಕಥನಗಳು, ಸಂಘಗಳ ಸ್ಮರಣಸಂಚಿಕೆಗಳು, ಖಾಸಗಿ ಪತ್ರಗಳನ್ನು ಹೊಸ ಪ್ರಶ್ನೆಗಳೊಂದಿಗೆ ಓದುವ ಕೆಲಸ ನಮ್ಮ ಮುಂದಿದೆ. ಊರಿನ ಹಂಬಲವನ್ನು ಮಾತ್ರ ಅಲ್ಲಿ ಹುಡುಕದೆ, ವರ್ಗಾವಣೆ, ನಿವೃತ್ತಿ, ಮನೆಬದಲಾವಣೆಗಳು ಹೇಗೆ ನಮೂದಾಗಿವೆ, ಎಲ್ಲಿ ಮೌನ ತಾಳಿವೆ ಎಂಬುದನ್ನು ಗಮನಿಸಿದರೆ ನಗರಪ್ರಜ್ಞೆಯ ಕುರಿತ ನಮ್ಮ ತಿಳಿವು ಇನ್ನಷ್ಟು ಖಚಿತವಾದೀತು.