ವಿಮೋಚನೆಯ ಅರ್ಥ ಹೇಳಿದ ಬೋಧಕರು: ಸವಾನ್ನಾ ಸಂಭಾಷಣೆಯ ವಿಮರ್ಶೆ

ಗುಲಾಮಗಿರಿಯ ಅಂತ್ಯವನ್ನು ಕುರಿತು ನಮ್ಮ ಪ್ರಸಂಗಗಳಲ್ಲಿಯೂ ದೇವಶಾಸ್ತ್ರೀಯ ಬರಹಗಳಲ್ಲಿಯೂ ಪ್ರಸ್ತಾಪ ಬಂದಾಗ ನಾವು ನೆನೆಯುವುದು ಸಾಮಾನ್ಯವಾಗಿ ಬಿಡುಗಡೆ ನೀಡಿದವರನ್ನು. ವಿಲ್ಬರ್‌ಫೋರ್ಸರ ಛಲವೂ ಲಿಂಕನ್ನರ ಘೋಷಣೆಯೂ ನಮಗೆ ಪರಿಚಿತ. ಬಿಡುಗಡೆ ಹೊಂದಿದವರು ಆ ಬಿಡುಗಡೆಯನ್ನು ಹೇಗೆ ಅರ್ಥಮಾಡಿಕೊಂಡರೆಂಬುದನ್ನು ನಾವು ಕೇಳುವುದು ಅಪರೂಪ. ಆದುದರಿಂದ ಹೆಚ್ಚು ಚರ್ಚೆಗೆ ಬಾರದ ಒಂದು ಪಠ್ಯವನ್ನು ಇಲ್ಲಿ ಪರಿಶೀಲಿಸಲು ಬಯಸುತ್ತೇವೆ.

1865ರ ಜನವರಿ 12ರ ಸಂಜೆ, ಅಮೆರಿಕದ ಜಾರ್ಜಿಯ ಸಂಸ್ಥಾನದ ಸವಾನ್ನಾ ನಗರದಲ್ಲಿ, ಯುದ್ಧ ಕಾರ್ಯದರ್ಶಿ ಎಡ್ವಿನ್ ಸ್ಟಾಂಟನ್ ಮತ್ತು ಸೇನಾಧಿಪತಿ ವಿಲಿಯಂ ಶೆರ್ಮನ್ ಇಪ್ಪತ್ತು ಮಂದಿ ಕರಿಯ ಜನಾಂಗದ ಬೋಧಕರನ್ನೂ ಸಭಾಧಿಕಾರಿಗಳನ್ನೂ ಭೇಟಿಯಾದರು. ಅವರಲ್ಲಿ ಬಹುಮಂದಿ ಗುಲಾಮರಾಗಿ ಹುಟ್ಟಿದವರು. ಎಲ್ಲರ ಪರವಾಗಿ ಮಾತನಾಡಲು ಅವರು ಆರಿಸಿಕೊಂಡದ್ದು ಗ್ಯಾರಿಸನ್ ಫ್ರೇಜಿಯರ್ ಎಂಬ 67 ವರ್ಷದ ಬ್ಯಾಪ್ಟಿಸ್ಟ್ ಬೋಧಕರನ್ನು. 1857ರಲ್ಲಿ ಅವರು ಸಾವಿರ ಡಾಲರು ತೆತ್ತು ತಮ್ಮನ್ನೂ ತಮ್ಮ ಪತ್ನಿಯನ್ನೂ ಒಡೆಯನಿಂದ ಕೊಂಡುಕೊಂಡಿದ್ದರು. ಬಿಡುಗಡೆಯ ಕ್ರಯವೆಂಬ ಮಾತನ್ನು ನಾವು ರೂಪಕವಾಗಿ ಬಳಸುತ್ತೇವೆ. ಅವರಾದರೋ ಆ ಕ್ರಯವನ್ನು ಎಣಿಸಿ ಕೊಟ್ಟವರು. ಆ ಸಂಜೆಯ ಪ್ರಶ್ನೋತ್ತರಗಳನ್ನು ಸೇನೆಯ ಅಧಿಕಾರಿಯೊಬ್ಬರು ಬರೆದುಕೊಂಡರು. ಮುಂದಿನ ತಿಂಗಳು ಅವು ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಅಚ್ಚಾದವು.

ಪಠ್ಯದ ರೂಪವನ್ನು ಮೊದಲು ಗಮನಿಸೋಣ. ಹೊರನೋಟಕ್ಕೆ ಇದು ನಮ್ಮ ಧರ್ಮೋಪದೇಶದ ಪ್ರಶ್ನೋತ್ತರಮಾಲೆಯನ್ನು ಹೋಲುತ್ತದೆ. ಅಲ್ಲಿ ಕೇಳುವವನಿಗೆ ಉತ್ತರ ಮೊದಲೇ ತಿಳಿದಿರುತ್ತದೆ, ಹೇಳುವವನು ಒಪ್ಪಿಸುತ್ತಾನೆ. ಇಲ್ಲಿ ಹಾಗಿಲ್ಲ. ಲಿಂಕನ್ನರ ಘೋಷಣೆಯಿಂದ ನೀವು ಏನು ತಿಳಿದುಕೊಂಡಿದ್ದೀರೆಂದು ಕೇಳಿದಾಗ ಫ್ರೇಜಿಯರ್ ಸ್ತುತಿಯನ್ನು ಹಾಡಲಿಲ್ಲ. ದಂಗೆಯೆದ್ದ ಸಂಸ್ಥಾನಗಳು 1863ರ ಜನವರಿ 1ರೊಳಗೆ ಶಸ್ತ್ರ ಕೆಳಗಿಟ್ಟು ಕಾನೂನಿಗೆ ಮಣಿದರೆ ಎಲ್ಲವೂ ಸರಿ, ಇಲ್ಲವಾದರೆ ಅಲ್ಲಿಯ ಗುಲಾಮರು ಬಿಡುಗಡೆಯಾಗುವರು ಎಂದು ತಾವು ತಿಳಿದಿರುವುದಾಗಿ ಹೇಳಿದರು. ಘೋಷಣೆಯೊಳಗಿನ ಷರತ್ತು ಅವರ ಕಣ್ಣಿಗೆ ಬಿದ್ದಿತ್ತು. ಒಡೆಯರು ಮಣಿದಿದ್ದರೆ ಗುಲಾಮರ ಗತಿಯೇನು ಎಂಬ ಪ್ರಶ್ನೆಯನ್ನು ಅವರು ಎತ್ತಲಿಲ್ಲ. ಆದರೆ ಅವರ ಉತ್ತರವನ್ನು ಓದಿದವನು ಅದನ್ನು ಎತ್ತದೆ ಇರಲಾರನು.

ಈ ಪಠ್ಯದ ಹೃದಯವಿರುವುದು ಎರಡನೆಯ ಉತ್ತರದಲ್ಲಿ. ಗುಲಾಮಗಿರಿಯೆಂದರೆ ಮತ್ತೊಬ್ಬನ ದುಡಿಮೆಯನ್ನು ಅವನ ಒಪ್ಪಿಗೆಯಿಲ್ಲದೆ, ಎದುರಿಸಲಾಗದ ಬಲದಿಂದ ಪಡೆಯುವುದು. ಸ್ವಾತಂತ್ರ್ಯವೆಂದರೆ ಆ ನೊಗದಿಂದ ಹೊರಬಂದು ತಮ್ಮ ದುಡಿಮೆಯ ಫಲವನ್ನು ತಾವೇ ಕೊಯ್ಯಬಲ್ಲ ಸ್ಥಳದಲ್ಲಿ ನೆಲೆಗೊಳ್ಳುವುದು. ಫ್ರೇಜಿಯರ್ ಕೊಟ್ಟ ಅರ್ಥದ ಸಾರವಿದು. ಇದರಲ್ಲಿ ಚಾಟಿಯ ಮಾತಿಲ್ಲ, ಸರಪಳಿಯ ಮಾತಿಲ್ಲ. ಆದುದರಿಂದಲೇ ಒಳ್ಳೆಯ ಒಡೆಯನೂ ಇದರಿಂದ ತಪ್ಪಿಸಿಕೊಳ್ಳಲಾರನು. ಕ್ರೌರ್ಯವೇ ಗುಲಾಮಗಿರಿಯ ಸಾರವಾಗಿದ್ದರೆ ಕರುಣೆಯು ಅದಕ್ಕೆ ಔಷಧವಾಗುತ್ತಿತ್ತು. ಕಳವೇ ಅದರ ಸಾರವಾದರೆ ಮರಳಿ ಕೊಡುವುದೊಂದೇ ಔಷಧ. ಮುಂದಿನ ಉತ್ತರ ಇದರಿಂದಲೇ ಹುಟ್ಟುತ್ತದೆ: ನಮಗೆ ಭೂಮಿ ಬೇಕು, ಅದನ್ನು ನಮ್ಮ ದುಡಿಮೆಯಿಂದಲೇ ಉಳುತ್ತೇವೆ, ಕೊಂಡುಕೊಳ್ಳುವ ಶಕ್ತಿ ಬರುವ ತನಕ ಅದರ ಮೇಲೆ ನಮಗೆ ನೆಲೆ ಕೊಡಿ.

ಈ ಉತ್ತರಗಳಲ್ಲಿ ವೇದವಾಕ್ಯಗಳ ಉದ್ಧರಣೆ ಕಾಣುವುದಿಲ್ಲ. ಆದರೂ ಅವುಗಳ ಚಿಂತನೆ ಸತ್ಯವೇದದ ಜಾಡಿನಲ್ಲೇ ಸಾಗಿದೆ. ಏಳನೆಯ ವರ್ಷದಲ್ಲಿ ದಾಸನನ್ನು ಬಿಡುವಾಗ ಬರಿಗೈಯಲ್ಲಿ ಕಳುಹಿಸದೆ ಹಿಂಡಿನಿಂದಲೂ ಕಣದಿಂದಲೂ ದ್ರಾಕ್ಷೆಯ ಆಲೆಯಿಂದಲೂ ಧಾರಾಳವಾಗಿ ಕೊಡಬೇಕೆಂದು ಧರ್ಮೋಪದೇಶಕಾಂಡದ 15ನೆಯ ಅಧ್ಯಾಯ ವಿಧಿಸುತ್ತದೆ; ಐಗುಪ್ತದ ನೆನಪನ್ನೇ ಅದಕ್ಕೆ ಆಧಾರವಾಗಿ ಕೊಡುತ್ತದೆ. ಯಾಜಕಕಾಂಡದ 25ನೆಯ ಅಧ್ಯಾಯದಲ್ಲಿ ಬಿಡುಗಡೆಯ ಸಾರೋಣವೂ ಪಿತ್ರಾರ್ಜಿತ ಭೂಮಿಗೆ ಹಿಂದಿರುಗುವುದೂ ಒಂದೇ ಉಸಿರಿನಲ್ಲಿ ಬರುತ್ತವೆ.

ಐದು ತಿಂಗಳ ನಂತರದ ಇನ್ನೊಂದು ಪಠ್ಯವನ್ನು ಇದರ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. 1865ರ ಜೂನ್ 19ರಂದು ಟೆಕ್ಸಸಿನ ಗ್ಯಾಲ್ವೆಸ್ಟನ್ನಿನಲ್ಲಿ ಸೇನಾಧಿಕಾರಿ ಗಾರ್ಡನ್ ಗ್ರೇಂಜರ್ ಹೊರಡಿಸಿದ ಮೂರನೆಯ ಸಾಮಾನ್ಯ ಆಜ್ಞೆಯನ್ನು ಇಂದು ಜೂನ್‌ಟೀನ್ತ್ ಹಬ್ಬವಾಗಿ ಸ್ಮರಿಸುತ್ತಾರೆ. ಆ ಆಜ್ಞೆ ಒಡೆಯರಿಗೂ ಗುಲಾಮರಿಗೂ ಸಮಾನ ಹಕ್ಕುಗಳನ್ನು ಸಾರುತ್ತದೆ. ಅದರ ಬೆನ್ನಿಗೇ, ಇರುವ ಮನೆಗಳಲ್ಲಿಯೇ ಶಾಂತರಾಗಿದ್ದು ಕೂಲಿಗಾಗಿ ದುಡಿಯಿರಿ, ಸೋಮಾರಿತನಕ್ಕೆ ಆಶ್ರಯ ದೊರೆಯದು ಎಂದು ಬುದ್ಧಿ ಹೇಳುತ್ತದೆ. ಇನ್ನೂರು ವರ್ಷಕ್ಕೂ ಮಿಕ್ಕಿ ಪರರಿಗಾಗಿ ದುಡಿದ ಜನರಿಗೆ ಸೋಮಾರಿತನದ ಎಚ್ಚರಿಕೆ! ಸವಾನ್ನಾದ ಬೋಧಕರು ಕೇಳಿದ್ದು ಸ್ಥಳ. ಗ್ಯಾಲ್ವೆಸ್ಟನ್ನಿನ ಆಜ್ಞೆ ಕೊಟ್ಟದ್ದು ಸ್ಥಾನಮಾನದ ಹೊಸ ಹೆಸರು.

ಸವಾನ್ನಾದ ಮಾತು ಒಮ್ಮೆ ಫಲಿಸಿತು. ನಾಲ್ಕೇ ದಿನಗಳಲ್ಲಿ ಶೆರ್ಮನ್ ಹೊರಡಿಸಿದ ಆಜ್ಞೆಯಂತೆ ಕರಾವಳಿಯ ಭೂಮಿಯನ್ನು ಕುಟುಂಬಕ್ಕೆ 40 ಎಕರೆ ಮೀರದಂತೆ ಹಂಚಲಾಯಿತು; ಸುಮಾರು 40,000 ಜನರು ಅಲ್ಲಿ ನೆಲೆಸಿದರು. ಆದರೆ ಲಿಂಕನ್ನರ ಕೊಲೆಯ ನಂತರ ಅಧ್ಯಕ್ಷರಾದ ಆಂಡ್ರ್ಯೂ ಜಾನ್ಸನ್ ಹಿಂದಿನ ಒಡೆಯರಿಗೆ ಕ್ಷಮಾದಾನವನ್ನೂ ಅದರೊಡನೆ ಭೂಮಿಯನ್ನೂ ಮರಳಿಸಿದರು. ಆ ಅಕ್ಟೋಬರಿನಲ್ಲಿ ಈ ಸುದ್ದಿಯನ್ನು ಎಡಿಸ್ಟೋ ದ್ವೀಪದ ಜನರಿಗೆ ಸೇನಾಧಿಕಾರಿ ಆಲಿವರ್ ಹೊವರ್ಡ್ ತಿಳಿಸಿದ್ದು ಒಂದು ದೇವಾಲಯದಲ್ಲಿ. ಒಡೆಯರನ್ನು ಕ್ಷಮಿಸಿರೆಂದೂ ಅವರು ಕೇಳಿಕೊಂಡರು. ತಮ್ಮನ್ನು ಹೊಡೆದವರೇ ಈಗ ತಮ್ಮನ್ನು ನೆಲವಿಲ್ಲದವರನ್ನಾಗಿ ಮಾಡುತ್ತಿರುವಾಗ ಕ್ಷಮಿಸುವುದು ಹೇಗೆಂದು ಆ ಜನರು ಪತ್ರ ಬರೆದು ಕೇಳಿದರು. ಯೆರೆಮೀಯನ ಗ್ರಂಥದ 34ನೆಯ ಅಧ್ಯಾಯವನ್ನು ಬಲ್ಲವರಿಗೆ ಇದು ಹೊಸ ಕಥೆಯಲ್ಲ. ಚಿದ್ಕೀಯನ ಕಾಲದಲ್ಲಿ ದಾಸದಾಸಿಯರನ್ನು ಬಿಡುವುದಾಗಿ ಒಡಂಬಡಿಕೆ ಮಾಡಿದವರು ಅನಂತರ ಮನಸ್ಸು ತಿರುಗಿಸಿ ಅವರನ್ನು ಮತ್ತೆ ಹಿಡಿದುಕೊಂಡರು. ಹೀಗೆ ಮಾಡಿದ್ದು ತನ್ನ ನಾಮವನ್ನು ಹೊಲೆಮಾಡಿದಂತೆ ಎಂದು ಯೆಹೋವನು ಪ್ರವಾದಿಯ ಮೂಲಕ ತೀರ್ಪು ಕೊಟ್ಟನು. ಹಿಂತೆಗೆದುಕೊಂಡ ವಿಮೋಚನೆ ಬರಿಯ ರಾಜಕೀಯ ವೈಫಲ್ಯವಲ್ಲ, ಅದು ದೇವದೂಷಣೆ.

ಈ ಪಠ್ಯಕ್ಕೆ ಮಿತಿಗಳಿಲ್ಲವೆಂದು ನಾವು ಹೇಳುವುದಿಲ್ಲ. ಇಪ್ಪತ್ತು ಮಂದಿಯಲ್ಲಿ ಒಬ್ಬ ಸ್ತ್ರೀಯೂ ಇರಲಿಲ್ಲ. ಬಿಳಿಯರೊಡನೆ ಬೆರೆತು ಬಾಳುವಿರೋ ಪ್ರತ್ಯೇಕವಾಗಿರುವಿರೋ ಎಂಬ ಪ್ರಶ್ನೆಗೆ, ದ್ವೇಷ ಅಳಿಯಲು ವರ್ಷಗಳೇ ಬೇಕಾದುದರಿಂದ ಪ್ರತ್ಯೇಕವಾಗಿರುವುದೇ ಲೇಸೆಂದು ಫ್ರೇಜಿಯರ್ ಉತ್ತರಿಸಿದರು. ಜೇಮ್ಸ್ ಲಿಂಚ್ ಎಂಬ 26 ವರ್ಷದ ಬೋಧಕರೊಬ್ಬರೇ ಇದನ್ನು ಒಪ್ಪಲಿಲ್ಲ. ಅಡ್ಡಗೋಡೆಯನ್ನು ಕ್ರಿಸ್ತನು ಕೆಡವಿದನೆಂದು ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ಓದುವ ನಮಗೆ ಲಿಂಚರ ಕಡೆಗೆ ಒಲವು ಸಹಜ. ಆದರೆ ಗೋಡೆಯನ್ನು ಕಟ್ಟಿದವರು ಯಾರು, ಅದರ ನೆರಳಿನಲ್ಲಿ ನರಳಿದವರು ಯಾರು ಎಂಬುದನ್ನು ಮರೆತು ಫ್ರೇಜಿಯರರನ್ನು ದೂರುವುದು ನ್ಯಾಯವಲ್ಲ.

ಕ್ರಿಸ್ತನು ಕೊಡುವ ಬಿಡುಗಡೆ ಪಾಪದಿಂದಲ್ಲವೇ, ಅದನ್ನು ಎಕರೆಗಳಲ್ಲಿ ಅಳೆಯಬಹುದೇ ಎಂಬ ಆಕ್ಷೇಪ ಏಳುವುದು ಸಹಜ. ಅಳೆಯಲಾಗದು, ದಶಕಗಳ ಕಾಲ ಸುವಾರ್ತೆ ಸಾರಿದ ಫ್ರೇಜಿಯರರಿಗೂ ಅದು ತಿಳಿದಿತ್ತು. ಆದರೆ ಗುಲಾಮಗಿರಿಯೂ ಪಾಪವೇ. ಪಾಪದಿಂದ ಬಿಡುಗಡೆಯಾದ ಜಕ್ಕಾಯನು ಮೊದಲು ಮಾತನಾಡಿದ್ದು ಮರಳಿ ಕೊಡುವುದರ ವಿಷಯವಾಗಿ. ಪಾಪವಿಮೋಚನೆಯನ್ನು ಸಾರಿ ಮರಳಿ ಕೊಡುವುದನ್ನು ಮರೆಯುವ ಬೋಧನೆಯು ಒಡೆಯನಿಗೆ ಮಾತ್ರ ಶುಭವಾರ್ತೆ.

ನಮ್ಮ ಸಭೆಗಳಿಗೂ ಇದು ದೂರದ ಮಾತಲ್ಲ. ಕಂಪನಿ ಸರಕಾರದ 1843ರ ಐದನೆಯ ಕಾಯಿದೆ, ಗುಲಾಮರ ಮೇಲಿನ ಹಕ್ಕನ್ನು ನ್ಯಾಯಾಲಯಗಳು ಮನ್ನಿಸಬಾರದೆಂದಿತು. ದಕ್ಷಿಣ ಕನ್ನಡದಲ್ಲಿ ಒಡೆಯನ ಗದ್ದೆಗೆ ಕಟ್ಟುಬಿದ್ದಿದ್ದ ಕುಟುಂಬಗಳಿಗೆ ಅದು ಒಂದು ಗೇಣು ನೆಲವನ್ನೂ ಕೊಡಲಿಲ್ಲ. ಜೀತಪದ್ಧತಿಯನ್ನು ರದ್ದುಗೊಳಿಸಲು 1976ರಲ್ಲಿ ಮತ್ತೊಂದು ಕಾಯಿದೆ ಬೇಕಾಯಿತೆಂಬುದೇ ಮೊದಲನೆಯದು ಎಷ್ಟು ಅಪೂರ್ಣವಾಗಿತ್ತೆಂಬುದಕ್ಕೆ ಸಾಕ್ಷಿ.

ಮೋಶೆಯ ಎರಡನೆಯ ಗ್ರಂಥಕ್ಕೆ ಕನ್ನಡದಲ್ಲಿ ವಿಮೋಚನಕಾಂಡವೆಂದು ಹೆಸರು. ಸಮುದ್ರ ದಾಟುವುದರೊಡನೆ ಆ ಗ್ರಂಥ ಮುಗಿಯುವುದಿಲ್ಲ. ವಾಗ್ದಾನದ ದೇಶವನ್ನು ಅದು ಎದುರು ನೋಡುತ್ತದೆ. ಅದನ್ನು ಪ್ರಸಂಗಿಸಲಿರುವ ನಾವು ಅರಸರ ಘೋಷಣೆಗಳನ್ನು ಓದುವುದಕ್ಕೆ ಮುಂಚೆ, ನೊಗ ಹೊತ್ತವರಿಗೆ ಫ್ರೇಜಿಯರರಿಗೆ ಹಾಕಿದ ಆ ಪ್ರಶ್ನೆಯನ್ನೇ ಹಾಕಿ, ಉತ್ತರವನ್ನು ತಿದ್ದದೆ ಬರೆದುಕೊಳ್ಳಬೇಕಾಗಿದೆ.